ಬೇಸಿನ್ ಕೆಳಗಿನ ಹನಿ

ಕೇಳುಗರೆ, ನಮಸ್ಕಾರ.

ವಾಷ್ ಬೇಸಿನ್ ಕೆಳಗೆ ಒಂದು ಮಗ್ ಇಟ್ಟು ದಿನ ದೂಡುವ ಮನೆಗಳು ಎಷ್ಟೋ ಇವೆ. ಬೆಳಗ್ಗೆ ಮುಖ ತೊಳೆದರೆ ಟಪ್ ಟಪ್ ಶುರು. ರಾತ್ರಿ ಹೊತ್ತಿಗೆ ಮಗ್ ಭರ್ತಿ. ಈ ಸೋರಿಕೆಯನ್ನು ನಾವೇ ನಿಲ್ಲಿಸಬಹುದು. ಬೇಕಾದದ್ದು ಹೊಸದೊಂದು ವೇಸ್ಟ್ ಕಪ್ಲಿಂಗ್, ಸಂದಿ ಮುಚ್ಚುವ ಸಿಲಿಕೋನ್ ಅಂಟಿನ ಸಣ್ಣ ಟ್ಯೂಬ್, ಒಂದು ಪೈಪ್ ಪಾನ, ಒಂದು ಗಂಟೆ ಬಿಡುವು.

ವೇಸ್ಟ್ ಕಪ್ಲಿಂಗ್ ಎಂದರೆ ಬೇಸಿನ್ ತಳದ ತೂತಿನಲ್ಲಿ ಕೂತಿರುವ ಗಿಡ್ಡ ಕೊಳವೆ. ಮೇಲೆ ಅಗಲವಾದ ಅಂಚು, ಕೆಳಗೆ ತಿರುಪಿನ ಥ್ರೆಡ್. ಬೇಸಿನ್‌ಗೆ ಸಾಮಾನ್ಯವಾಗಿ 32 ಮಿಲಿಮೀಟರಿನದು, ಅಂಗಡಿಯ ಮಾತಿನಲ್ಲಿ ಒಂದೂಕಾಲು ಇಂಚು. ಸ್ನಾನದ ಟಬ್ಬಿಗಾದರೆ 40, ಅಂದರೆ ಒಂದೂವರೆ ಇಂಚು. ಅಂಗಡಿಗೆ ಹೋಗುವ ಮೊದಲು ಬೇಸಿನ್ ಒಳಗೋಡೆಯ ಮೇಲ್ಗಡೆ ಓವರ್‌ಫ್ಲೋ ತೂತು ಇದೆಯೇ ನೋಡಿ. ಇದ್ದರೆ ಹಾಫ್ ಥ್ರೆಡ್ ಕಪ್ಲಿಂಗ್ ಕೇಳಿ. ಅದರ ಮೈಯಲ್ಲಿ ಪಕ್ಕದ ಕಿಂಡಿಗಳಿರುತ್ತವೆ, ಓವರ್‌ಫ್ಲೋ ನೀರು ಅವುಗಳ ಮೂಲಕ ಒಳಗಿಳಿಯುತ್ತದೆ. ತೂತಿಲ್ಲದಿದ್ದರೆ ಫುಲ್ ಥ್ರೆಡ್. ಓವರ್‌ಫ್ಲೋ ಇರುವ ಬೇಸಿನ್‌ಗೆ ಫುಲ್ ಥ್ರೆಡ್ ಹಾಕಿದರೆ ಆ ನೀರಿಗೆ ದಾರಿಯೇ ಇಲ್ಲ, ಬೇಸಿನ್ ಗೋಡೆಯೊಳಗಿನ ಟೊಳ್ಳಿನಲ್ಲಿ ನಿಂತು ನಾರುತ್ತದೆ.

ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್, ಅಂದರೆ ಕಪ್ಲಿಂಗ್ ಮತ್ತು ಗೋಡೆಯ ಪೈಪಿನ ನಡುವಿನ ಬಟ್ಟಲಿನಂಥ ಭಾಗ, ಬಿಚ್ಚಿ. ಅದರ ಬಟ್ಟಲಿನಲ್ಲಿ ಕೂದಲು, ಲೋಳೆ, ಕೊಳೆನೀರು ಇರುತ್ತದೆ. ಅದನ್ನು ಅಭ್ಯಾಸಬಲದಿಂದ ಮತ್ತೆ ಬೇಸಿನ್‌ಗೇ ಸುರಿದರೆ ಸೀದಾ ಕಾಲ ಮೇಲೆ! ಗೋಡೆಯ ಪೈಪಿನ ಬಾಯಿಗೆ ಹಳೆ ಬಟ್ಟೆ ತುರುಕಿ, ವಾಸನೆಯೂ ಜಿರಲೆಯೂ ಹೊರಗೆ ಬರುವುದಿಲ್ಲ. ಆಮೇಲೆ ಕಪ್ಲಿಂಗ್‌ನ ನಟ್ ಸಡಿಲಿಸಿ. ಕಪ್ಲಿಂಗೂ ಜೊತೆಗೆ ತಿರುಗಿದರೆ ಮೇಲಿನ ಜಾಲರಿಗೆ ಇಕ್ಕಳದ ಎರಡು ಹಿಡಿಗಳನ್ನು ಸಿಕ್ಕಿಸಿ ಇನ್ನೊಬ್ಬರು ಹಿಡಿದುಕೊಳ್ಳಲಿ. ಜಪ್ಪಯ್ಯ ಅಂದರೂ ಬಾರದ ನಟ್ಟನ್ನು ಹ್ಯಾಕ್ಸಾ ಬ್ಲೇಡಿನಿಂದ ಓರೆಯಾಗಿ ಕೊಯ್ಯಿರಿ. ಸುತ್ತಿಗೆ ಬೇಡ, ಪಿಂಗಾಣಿ ಸೀಳುತ್ತದೆ. ಹಳೆಯ ವೈಟ್ ಸಿಮೆಂಟ್ ಪೂರ್ತಿ ಕೆರೆದು, ತೂತಿನ ಸುತ್ತ ಒರೆಸಿ ಒಣಗಿಸಿ.

ಇನ್ನು ಸೋರಿಕೆಯ ಮೂಲಕ್ಕೆ ಬರೋಣ. ನಟ್ ಕೆಳಗೆ ಬೆರಳಿಟ್ಟರೆ ಹನಿ ಸಿಗುತ್ತದೆ. ವಾಷರ್ ಸರಿಯಾಗಿ ಒತ್ತಿಲ್ಲ ಅಂದುಕೊಂಡು ಜನ ಮತ್ತೆ ಮತ್ತೆ ಬಿಗಿ ಮಾಡುತ್ತಾರೆ. ಆದರೆ ನೀರು ವಾಷರ್‌ನ ಹೊರ ಅಂಚಿನಿಂದ ಬರುತ್ತಿರುವುದು ಅಪರೂಪ. ಅದು ಕಪ್ಲಿಂಗ್ ಮತ್ತು ಪಿಂಗಾಣಿಯ ನಡುವಿನ ಸಂದಿಗೆ ಇಳಿದು, ಥ್ರೆಡ್ಡಿನ ಗೆರೆಯನ್ನೇ ಕಾಲುವೆ ಮಾಡಿಕೊಂಡು, ವಾಷರ್ ಮತ್ತು ನಟ್‌ನ ಒಳಗಿಂದ ಸುತ್ತಿ ಸುತ್ತಿ ಕೆಳಗೆ ಬರುತ್ತದೆ. ಹಾಫ್ ಥ್ರೆಡ್ಡಿನಲ್ಲಿ ಕಿಂಡಿಗಳಿಂದಲೂ ಆ ಸಂದಿಗೆ ನೀರು ಸೇರುವುದರಿಂದ ಕಾಟ ಹೆಚ್ಚು. ಎಷ್ಟು ಬಿಗಿದರೂ ಆ ಕಾಲುವೆ ಮುಚ್ಚುವುದಿಲ್ಲ. ಕೊನೆಗೆ ಬಿರುಕು ಬಿಡುವುದು ಬೇಸಿನ್.

ಆದ್ದರಿಂದ ಸಿಲಿಕೋನ್ ಎರಡು ಕಡೆ ಬೇಕು. ಮೇಲಿನ ಅಂಚಿನ ಅಡಿಗೆ ಒಂದು ಎಳೆ. ಕೆಳಗೆ, ರಬ್ಬರ್ ವಾಷರ್ ಕೂರುವ ಜಾಗದ ಥ್ರೆಡ್ಡಿಗೆ ಸುತ್ತಲೂ, ಗೆರೆಗಳು ತುಂಬುವಂತೆ ಬೆರಳಿನಿಂದ ಸವರಿ. ಕಿಂಡಿ ಮಾತ್ರ ಮುಚ್ಚಬಾರದು. ಟೆಫ್ಲಾನ್ ಟೇಪ್ ಸುತ್ತುವವರಿದ್ದಾರೆ. ವಾಷರ್ ಏರಿಸುವಾಗ ಅದು ಮುದುಡಿಕೊಳ್ಳುತ್ತದೆ, ಇಲ್ಲಿ ಸಿಲಿಕೋನೇ ಮೇಲು. ಕಪ್ಲಿಂಗ್ ಇಳಿಸಿ, ಕೆಳಗಿನಿಂದ ಮೊದಲು ರಬ್ಬರ್ ವಾಷರ್, ಆಮೇಲೆ ಪ್ಲಾಸ್ಟಿಕ್ ವಾಷರ್, ಆಮೇಲೆ ನಟ್. ಕೈಯಲ್ಲಿ ಆದಷ್ಟು ಬಿಗಿ ಮಾಡಿ, ಪಾನದಿಂದ ಇನ್ನು ಕಾಲು ಸುತ್ತು, ಹೆಚ್ಚೆಂದರೆ ಅರ್ಧ. ತಿರುಗಬೇಕಾದದ್ದು ನಟ್, ಕಪ್ಲಿಂಗ್ ಅಲುಗಿದರೆ ಮೇಲಿನ ಸಿಲಿಕೋನ್ ಹರಿದು ಹೋಗುತ್ತದೆ. ಮೇಲೆ ಉಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಗೋಡೆಯ ಪೈಪಿಗೆ ತುರುಕಿದ ಬಟ್ಟೆ ತೆಗೆದು ಟ್ರ್ಯಾಪ್ ಜೋಡಿಸಿ. ಅದರ ಜಾಗಕ್ಕೆ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಪೈಪನ್ನು ನೇರವಾಗಿ ಇಳಿಬಿಡುವುದುಂಟು. ಟ್ರ್ಯಾಪಿನಲ್ಲಿ ನಿಲ್ಲುವ ನೀರೇ ಚರಂಡಿಯ ಗಾಳಿಗೆ ತಡೆ. ನೇರ ಪೈಪಿನಲ್ಲಿ ನೀರು ನಿಲ್ಲುವುದೇ ಇಲ್ಲ.

ಸಿಲಿಕೋನ್ ಗಟ್ಟಿಯಾಗಲು 24 ಗಂಟೆ ನಲ್ಲಿ ಮುಟ್ಟಬೇಡಿ. ಮಾರನೆಯ ದಿನ ಮುಚ್ಚಳ ಹಾಕಿ, ಓವರ್‌ಫ್ಲೋವರೆಗೆ ನೀರು ತುಂಬಿ, ಒಮ್ಮೆಲೇ ಬಿಡಿ. ನಟ್ ಸುತ್ತ, ಟ್ರ್ಯಾಪಿನ ಪ್ರತಿ ಜೋಡಣೆಗೆ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕಣ್ಣಿಗೆ ಕಾಣದ ತೇವವೂ ಕಾಗದದ ಮೇಲೆ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ಟ್ರ್ಯಾಪಿನ ಜೋಡಣೆಯಲ್ಲಿ ಚುಕ್ಕೆ ಬಂದರೆ ಕೈಯಲ್ಲೇ ಕಾಲು ಸುತ್ತು ಬಿಗಿದರೆ ಸಾಕು. ಕಪ್ಲಿಂಗ್ ನಟ್‌ನಲ್ಲಿ ಬಂದರೆ ಬಿಗಿಯಬೇಡಿ. ಬಿಚ್ಚಿ, ಒಣಗಿಸಿ, ಥ್ರೆಡ್ಡಿಗೆ ಮತ್ತೆ ಸಿಲಿಕೋನ್ ತುಂಬಿ. ನಮಸ್ಕಾರ.