ಎರಡು ಎಂಜಿನ್ ಬೇಕಾ, ಒಂದೂವರೆ ಸಾಕಾ?

ಕೇಳುಗರೇ, ನಮಸ್ಕಾರ.

ಬೋಟ್ ಕೊಳ್ಳಲು ಹೊರಟವರ ತಲೆಯಲ್ಲಿ ಸುತ್ತುವ ಪ್ರಶ್ನೆ ಇದು. ಹಿಂದೆ ಎರಡು ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್, ಹಾಕಿಸೋದಾ, ಇಲ್ಲಾ ದೊಡ್ಡದೊಂದು ಹಾಕಿ ಪಕ್ಕಕ್ಕೆ ಚಿಕ್ಕದೊಂದು ಇಟ್ಟುಕೊಳ್ಳೋದಾ? ಈ ಚಿಕ್ಕದಕ್ಕೆ ಕಿಕ್ಕರ್ ಅನ್ನುತ್ತಾರೆ. "ಎರಡಿದ್ರೆ ಒಂದು ಕೆಟ್ಟರೂ ಇನ್ನೊಂದಿದೆ, ಅಲ್ವಾ?" ಅಂತ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. ನನ್ನ ತಕರಾರು ಇರುವುದು ಅಲ್ಲೇ.

ಎಂಜಿನ್ ಯಾಕೆ ನಿಲ್ಲುತ್ತದೆ ನೋಡಿ. ಪಿಸ್ಟನ್ನೋ ಗೇರೋ ಮುರಿದು ನಿಲ್ಲುವುದು ಅಪರೂಪ. ಪೆಟ್ರೋಲಿಗೆ ನೀರು ಸೇರಿರುತ್ತದೆ, ಫಿಲ್ಟರ್ ಕಟ್ಟಿರುತ್ತದೆ, ಬ್ಯಾಟರಿ ಇಳಿದಿರುತ್ತದೆ, ವೈರಿನ ತುದಿಗೆ ಉಪ್ಪುನೀರು ತಾಗಿ ತುಕ್ಕು ಹಿಡಿದಿರುತ್ತದೆ, ಅಥವಾ ಪ್ರೊಪೆಲ್ಲರಿಗೆ ಹಗ್ಗವೋ ಹರಿದ ಬಲೆಯೋ ಸುತ್ತಿಕೊಂಡಿರುತ್ತದೆ. ಇವೆಲ್ಲ ಎರಡಕ್ಕೂ ಒಟ್ಟಿಗೇ ಬರಬಹುದಾದ ಕಾಯಿಲೆಗಳು. ಒಂದೇ ಟ್ಯಾಂಕಿನ ಪೆಟ್ರೋಲ್ ಹೋಗುವ ಎರಡು ಎಂಜಿನ್ ಅಂದರೆ ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆ. ಬಾವಿ ಕೆಟ್ಟರೆ ಎರಡು ಮನೆಯಲ್ಲೂ ಹೊಟ್ಟೆನೋವು.

ಪೆಟ್ರೋಲ್ ಫಿಲ್ಟರಿನ ಕೆಳಗೆ ಪಾರದರ್ಶಕ ಬಟ್ಟಲು ಇದ್ದರೆ ಅದನ್ನೊಮ್ಮೆ ಬೆಳಕಿಗೆ ನೋಡಿ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ತಳದಲ್ಲಿ ಕೂತಿರುತ್ತದೆ. ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಿತಿ ಮೀರಿದಾಗ ಎಥನಾಲೂ ನೀರೂ ಸೇರಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿ ಇರುವುದೂ ಅಲ್ಲೇ, ತಳದ ಹತ್ತಿರ.

ಹಾಗಾಗಿ ಎರಡು ಹಾಕಿಸುವವರು ಪೂರ್ತಿ ಎರಡು ಮಾಡಿಸಬೇಕು. ಎರಡು ಟ್ಯಾಂಕ್, ಎರಡು ಫಿಲ್ಟರ್, ಎರಡು ಬ್ಯಾಟರಿ. ಇಲ್ಲದಿದ್ದರೆ ಸುಮ್ನೆ ಭಾರ.

ಭಾರ ಅಂದೆ, ಲೆಕ್ಕ ನೋಡೋಣ. ಇವತ್ತಿನ 150 ಎಚ್‌ಪಿ ಫೋರ್ ಸ್ಟ್ರೋಕ್ ಒಂದು 200ರಿಂದ 220 ಕಿಲೋ ತೂಗುತ್ತದೆ. ಎರಡು ಸೇರಿದರೆ 400 ದಾಟಿತು. 300 ಎಚ್‌ಪಿಯದು ಒಂದೇ ಆದರೆ 250ರಿಂದ 290 ಕಿಲೋ, ಜೊತೆಗೆ 9.9 ಎಚ್‌ಪಿ ಕಿಕ್ಕರ್ 40–50 ಕಿಲೋ. ಹಿಂಬದಿಗೆ ಸುಮಾರು ನೂರು ಕಿಲೋ ಕಡಿಮೆ ಆಯಿತು. ಓಡುವಾಗ ನೀರೊಳಗೆ ಇಳಿದಿರುವ ಎಂಜಿನ್ನಿನ ಕೆಳಭಾಗ ಒಂದೇ ಇರುವುದರಿಂದ ಪೆಟ್ರೋಲೂ ಸಾಮಾನ್ಯವಾಗಿ ಸ್ವಲ್ಪ ಉಳಿಯುತ್ತದೆ. ಎರಡು ಎಂಜಿನ್ ಇದ್ದರೆ ಗೇರ್ ಆಯಿಲ್, ಪ್ಲಗ್, ಇಂಪೆಲ್ಲರ್ (ಎಂಜಿನ್ ತಂಪಿಗೆ ನೀರೆಳೆಯುವ ಪಂಪಿನ ಚಕ್ರ) ಖರ್ಚು ಎರಡು ಸಲ ಅನ್ನುವುದು ಹೇಳದೆಯೇ ಗೊತ್ತಾಗುತ್ತದೆ.

ಎರಡು ಎಂಜಿನ್ನಿನ ನಿಜವಾದ ಸುಖ ಬಂದರಿನಲ್ಲಿ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಹಾಕಿದರೆ ಬೋಟ್ ನಿಂತಲ್ಲೇ ತಿರುಗುತ್ತದೆ. ಆದರೆ ಒಂದು ಕೆಟ್ಟರೆ ಅರ್ಧ ವೇಗದಲ್ಲಿ ಬರಬಹುದು ಅನ್ನುವ ಲೆಕ್ಕ ಮಾತ್ರ ಬೇಡ. ಒಂದೇ ಎಂಜಿನ್ನಿಗೆ ಹಲವು ಬೋಟ್‌ಗಳು ನೀರಿನ ಮೇಲೆ ಎದ್ದು ಜಾರುವುದೇ ಇಲ್ಲ, ಮೂತಿ ಎತ್ತಿಕೊಂಡು ನೀರು ಉಳುತ್ತಾ ಬರುತ್ತವೆ. ಪ್ರೊಪೆಲ್ಲರ್ ಆರಿಸಿರುವುದು ಇಬ್ಬರು ತಳ್ಳುವ ಲೆಕ್ಕಕ್ಕೆ. ಒಂಟಿಯಾದ ಎಂಜಿನ್ ಪೂರ್ತಿ ಥ್ರಾಟಲ್ ಕೊಟ್ಟರೂ ತನ್ನ ಆರ್‌ಪಿಎಂ ಮುಟ್ಟದೆ ಏದುಸಿರು ಬಿಡುತ್ತದೆ. ಸತ್ತದ್ದನ್ನು ನೀರಿನಿಂದ ಎತ್ತಿ, ಬದುಕಿರುವುದನ್ನು ಮೆಲ್ಲಗೆ ಓಡಿಸಬೇಕು.

ಹಾಗಂತ ಕಿಕ್ಕರ್ ಏನೂ ಪವಾಡ ಮಾಡುವುದಿಲ್ಲ. ನೀರಿನ ಮಟ್ಟದಲ್ಲಿ 25 ಅಡಿ ಉದ್ದ ಇರುವ ಬೋಟ್, ಮೇಲೆದ್ದು ಜಾರದೆ ಹೋಗುವಾಗ ಅದರ ಮಿತಿಯೇ ಆರೂ ಮುಕ್ಕಾಲು ನಾಟ್ ಆಸುಪಾಸು. ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಕಿಕ್ಕರಿನಲ್ಲಿ ಐದು ಬಂದರೆ ಸಾಕು ಅನ್ನಿ. ಹತ್ತು ನಾಟಿಕಲ್ ಮೈಲಿಗೆ ಎರಡು ಗಂಟೆ. ಎದುರಿಗೆ ಮೂರು ನಾಟ್ ಸೆಳೆತ ಇದ್ದರೆ ಅದೇ ದೂರಕ್ಕೆ ಐದು ಗಂಟೆ! ಮೇಲೆ ಎತ್ತರದ ಕ್ಯಾಬಿನ್ ಇದ್ದು ಗಾಳಿಯೂ ಎದುರಾದರೆ ನಿಂತಲ್ಲೇ ನಿಂತ ಹಾಗೆ. ಇನ್ನು ಒತ್ತೊತ್ತಾಗಿ ಬರುವ ಕಡಿದಾದ ಅಲೆಗಳಲ್ಲಿ ಬೋಟಿನ ಹಿಂಭಾಗ ಮೇಲೆದ್ದಾಗ ಕಿಕ್ಕರಿನ ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬಂದು ಕಿರುಚುತ್ತದೆ, ಮತ್ತೆ ಮುಳುಗಿದಾಗಲಷ್ಟೇ ತಳ್ಳುತ್ತದೆ. ಅದಕ್ಕೇ ಪ್ರೊಪೆಲ್ಲರನ್ನು ಆಳಕ್ಕೆ ಇಳಿಸುವ 25 ಇಂಚಿನ ಉದ್ದ ಶಾಫ್ಟು, ಅಗಲವಾದ ಕಡಿಮೆ ಪಿಚ್ಚಿನ (ಒಂದು ಸುತ್ತಿಗೆ ಮುಂದೆ ಸಾಗುವ ದೂರ ಕಡಿಮೆ ಇರುವ) ಪ್ರೊಪೆಲ್ಲರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಆದರೂ ಸಾಧಾರಣ ಬೋಟಿಗೆ, ದಡದಿಂದ ತೀರಾ ದೂರ ಹೋಗದವರಿಗೆ ನಾನು ಕಿಕ್ಕರ್ ಕಡೆಗೇ. ಕಾರಣ, ಅದು ಸುಲಭವಾಗಿ ಸ್ವತಂತ್ರವಾಗಿರಬಲ್ಲದು. ತನ್ನದೇ ಪುಟ್ಟ ಟ್ಯಾಂಕು, ಬ್ಯಾಟರಿ ಸತ್ತರೂ ಹಗ್ಗ ಎಳೆದು ಚಾಲೂ ಮಾಡಬಹುದು. ಅಪಾಯ ಒಂದೇ, ಮರೆವು. ವರ್ಷವಿಡೀ ಮುಟ್ಟದೆ ಬಿಟ್ಟರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಂಟಾಗಿ ಕೂರುತ್ತದೆ. ಬೇಕಾದ ದಿನವೇ ಅದು ಏಳುವುದಿಲ್ಲ. ನಿಧಾನವಾಗಿ ಗಾಳ ಎಳೆಯುತ್ತಾ ಮೀನು ಹಿಡಿಯುವವರು ಪ್ರತಿ ಸಲವೂ ಕಿಕ್ಕರ್ ಬಳಸುತ್ತಾರೆ. ಅವರಿಗೆ ಈ ಕಾಟ ಕಡಿಮೆ.

ಅಲೆ ಮುರಿಯುವ ಅಳಿವೆಯನ್ನು ದಾಟಿ ಹೋಗಿಬರುವವರು, ದೂರದ ಸಮುದ್ರಕ್ಕೆ ಇಳಿಯುವವರು ಎರಡು ಹಾಕಿಸಲಿ, ಒಂದರಲ್ಲೇ ಬೋಟ್ ಮೇಲೇಳುವಷ್ಟು ದೊಡ್ಡವನ್ನೇ ಹಾಕಿಸಲಿ. ಆದರೆ ಎಚ್‌ಪಿಗೂ ತೂಕಕ್ಕೂ ಬೋಟ್ ಕಟ್ಟಿದವರು ಕೊಟ್ಟ ಮಿತಿ ಮೀರಬಾರದು.

ಯಾವುದನ್ನೇ ಹಾಕಿಸಿ, ಹವೆ ಚೆನ್ನಾಗಿರುವ ದಿನ ಪೂರ್ತಿ ಜನ, ಸಾಮಾನು ಹೇರಿಕೊಂಡು ಹೊರಗೆ ಹೋಗಿ, ದೊಡ್ಡ ಎಂಜಿನ್ನನ್ನೋ ಎರಡರಲ್ಲಿ ಒಂದನ್ನೋ ಆಫ್ ಮಾಡಿ, ಗಾಳಿಗೆ ಎದುರಾಗಿ ಬರೀ ಉಳಿದದ್ದರಲ್ಲಿ ವಾಪಸ್ ಬನ್ನಿ. ಪೆಟ್ರೋಲ್ ಎಷ್ಟು ಖರ್ಚಾಯಿತು ಬರೆದಿಟ್ಟುಕೊಳ್ಳಿ. ಮತ್ತೆ ನಿಜವಾಗಿ ಎಂಜಿನ್ ನಿಂತ ದಿನ ಗಾಳಿ ನಿಮ್ಮನ್ನು ಬಂಡೆ ಕಡೆಗೆ ತಳ್ಳುತ್ತಿದ್ದರೆ ಕಿಕ್ಕರಿನ ಹಗ್ಗ ಎಳೆಯುತ್ತಾ ಕೂರಬೇಡಿ, ಮೊದಲು ಲಂಗರು ಇಳಿಸಿ. ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಟ್ಟರೆ ಅದು ತಳ ಕಚ್ಚಲು ಅನುಕೂಲ. ಎಂಜಿನ್ ಆಮೇಲೆ ನೋಡಬಹುದು.

ನಮಸ್ಕಾರ.