ದೀಪಾವಳಿಯೊಳಗ ಮುಗೀಬೇಕಾದ ವರ್ಗದ ಕೆಲಸ

ಗುರುಗಳ, ಅಕ್ಕೋರ, ಎಲ್ಲಾರಿಗೂ ನಮಸ್ಕಾರ್ರೀ. ಈ ವಿಡಿಯೋದಾಗ ಈಗ ಕಾಣಾಕತ್ತಿದ್ದು ವಿಜಯಪುರ ಜಿಲ್ಲಾದ ಒಂದು ಕನ್ನಡ ಸಾಲಿ. ಬ್ಯಾಸಗಿ ಸೂಟಿ ಮುಗೀತು, ಇನ್ನೂ ಕಸ ಹೊಡದಿಲ್ಲ. ಫರಸಿ ಮ್ಯಾಲ ಎರಿ ಮಣ್ಣಿನ ಧೂಳು, ಗೋಡಿ ಮ್ಯಾಲ ಹ್ವಾದ ವರ್ಷದ ಚಾರ್ಟು ಅರ್ಧ ಹರದು ಜೋತು ಬಿದ್ದೈತಿ. ನಾಕ ದಿನ ಕಳದ್ರ ಇಲ್ಲಿ 40 ಹುಡುಗೂರು ಬಂದು ಕುಂದರತಾವು.

ಈ ಹೊತ್ತಿನಾಗ ಶಿಕ್ಷಕರೆಲ್ಲಾ ವರ್ಷದ ಗುರಿ ಬರಿತಾರ. 'ಎಲ್ಲಾ ಮಕ್ಕಳಿಗೂ ಓದಾಕ ಬರೂ ಹಂಗ ಮಾಡೂದು', 'ವರ್ಗ ಚಂದ ಇಡೂದು'. ಯಾವಾಗಿನೊಳಗ ಅಂತ ಕೇಳಿದ್ರ ಮಾರ್ಚ್ ಅಂತಾರ. ನಮ್ಮ ಮೂರೂ ಜಿಲ್ಲಾದಾಗ, ಬೆಳಗಾವಿ ಇರಲಿ, ಬಾಗಲಕೋಟಿ ಇರಲಿ, ವಿಜಯಪುರ ಇರಲಿ, ಮಾರ್ಚ್ ಅಂತ ಇಟ್ಟ ಗುರಿ ಕೈಗೆ ಹತ್ತೂದಿಲ್ಲ. ಗಡುವು ದೀಪಾವಳಿಗೆ ಇಡ್ರಿ.

ಯಾಕಂದ್ರ ನಮ್ಮ ವರ್ಷ ನಡಿಯೂದು ಹಿಂಗ. ಜೂನ್‌ದಾಗ ಕಾರ ಹುಣ್ಣಿವಿ, ಮಣ್ಣೆತ್ತಿನ ಅಮಾಸಿ, ಮುಂಗಾರಿ ಬಿತ್ತಿಗಿ. ಶ್ರಾವಣದಾಗ ಪಂಚಮಿ. ಆಮ್ಯಾಲ ದಸರಾ ಸೂಟಿ. ದೀಪಾವಳಿ ಸುಮಾರಿಗೆ ಸಕ್ಕರಿ ಕಾರ್ಖಾನಿ ಚಾಲೂ ಆಗತಾವು, ಕಬ್ಬು ಕಡಿಯೂ ಗ್ಯಾಂಗ್‌ಗಳು ಹೊಂಡತಾವು. ಗಂಡ ಹೆಂಡತಿ ಇಬ್ರೂ ಹ್ವಾದ್ರ ಹುಡುಗೂರೂ ಹಿಂದ ಹೋಗತಾವು. ಲಂಬಾಣಿ ತಾಂಡಾದ ಕೆಲವು ಮನಿ ಗೋವಾ, ಮಹಾರಾಷ್ಟ್ರದ ಹಾದಿ ಹಿಡಿತಾವು. ಉಳದವ್ರಿಗೆ ಡಿಸೆಂಬರ್, ಜನವರಿ ಅಂದ್ರ ತೊಗರಿ ರಾಶಿ. ಸಂಕ್ರಮಣಕ್ಕ ವಿಜಯಪುರದ ಸಿದ್ಧೇಶ್ವರ ಜಾತ್ರಿ, ಬನದ ಹುಣ್ಣಿವಿಗೆ ಬಾದಾಮಿ ಬನಶಂಕರಿ, ಭಾರತ ಹುಣ್ಣಿವಿಗೆ ಸವದತ್ತಿ ಎಲ್ಲಮ್ಮ. ಆಮ್ಯಾಲ ಪರೀಕ್ಷಾ ತಯಾರಿ ಬಂದು ನಿಂತಿರತೈತಿ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕ ಕನಿಷ್ಠ 200 ದಿನ, 6ರಿಂದ 8ಕ್ಕ 220 ದಿನ ಸಾಲಿ ನಡೀಬೇಕು. ಅದರಾಗ ಎಲ್ಲಾ ಹುಡುಗೂರೂ ಕೂಡಿ ಕುಂತು ಕಲಿಯೂ ದಿನ ಅಂದ್ರ ಜೂನ್‌ದಿಂದ ದೀಪಾವಳಿ ತನಕದ ಸುಮಾರು 100 ದಿನ.

ಹಂಗಾರ ಮೊದಲನೇ ಕೆಲಸ, ಹ್ವಾದ ಎರಡು ವರ್ಷದ ಹಾಜರಿ ಪುಸ್ತಕ ತಗೀರಿ. ಅರ್ಧಕ್ಕಿಂತ ಕಡಿಮಿ ಹುಡುಗೂರು ಬಂದ ದಿನಕ್ಕ ಕೆಂಪು ಚುಕ್ಕಿ ಇಡಕೋತ ಹೋಗ್ರಿ. ಎರಡೂ ವರ್ಷ ಒಂದ ವಾರದಾಗ ಚುಕ್ಕಿ ಕೂಡಿದ್ವು ಅಂದ್ರ ಆ ವಾರಕ್ಕ ಹೊಸ ಪಾಠ ಇಡಬ್ಯಾಡ್ರಿ. ಹಿಂದಿಂದು ತಿರುವಿ ಹಾಕೂದು, ಲೆಕ್ಕ ರೂಢಿ ಮಾಡಸೂದು, ಕಥಿ ಓದಸೂದು ಇಟ್ಕೋರಿ. ಹಬ್ಬ ಪಂಚಾಂಗದ ಪ್ರಕಾರ ಹಿಂದಮುಂದ ಸರಿತಾವು, ಅದಕ್ಕ ತಾರೀಖು ನೋಡಬ್ಯಾಡ್ರಿ, ಹಬ್ಬದ ಹೆಸರು ಬರದು ಈ ವರ್ಷದ ಕ್ಯಾಲೆಂಡರ್‌ಗೆ ಹೊಂದಸ್ರಿ. ಅರ್ಧ ತಾಸಿನ ಕೆಲಸ.

ಈಗ ಹಲಗಿ. ಕ್ಯಾಮೆರಾ ಕಡೀ ಸಾಲಿನಾಗ, ಫರಸಿ ಮ್ಯಾಲ ಕುಂತ ಹುಡುಗನ ಕಣ್ಣಿನ ಎತ್ತರಕ್ಕ ಐತಿ. ಹಲಗಿ ಇಲ್ಲಿಂದ 20 ಅಡಿ. ಬಲಗಡೆ ಮೂಲಿ ನೋಡ್ರಿ, ಕಿಟಕಿ ಬೆಳಕು ಬಿದ್ದು ಕನ್ನಡಿಗತೆ ಹೊಳಿಯಾಕತ್ತೈತಿ. ಅಲ್ಲಿ ಬರದ ಒಂದು ಅಕ್ಷರನೂ ಕಾಣೂದಿಲ್ಲ. ಕಿಟಕಿಗೆ ಹಚ್ಚೂ ಆಯಿಲ್ ಪೇಂಟನ್ನ ಹಲಗಿಗೂ ಹಚ್ಚಿದ್ರ ಹಿಂಗ ಆಗತೈತಿ. ಬಣ್ಣ ಹೊಳಿತೈತಿ, ಚಾಕ್‌ಪೀಸ್ ಜಾರತೈತಿ.

ಬೇಕಾದ್ದು ಬ್ಲ್ಯಾಕ್‌ಬೋರ್ಡ್ ಪೇಂಟ್. 8 ಅಡಿ ಉದ್ದ, 4 ಅಡಿ ಎತ್ತರದ ಹಲಗಿಗೆ ಎರಡು ಕೋಟ್ ಹಚ್ಚಾಕ 1 ಲೀಟರ್ ಸಾಕು. ಸೀಳು, ತೂತು ಇದ್ದಲ್ಲೆ ಪುಟ್ಟಿ ತುಂಬ್ರಿ. ಅದು ಒಣಗಿದ ಮ್ಯಾಲ ಪಾಲಿಷ್ ಪೇಪರ್ ಹಿಡದು ಹಳೆ ಹೊಳಪು ಪೂರ್ತಿ ಹೋಗೂ ತನಕ ತಿಕ್ರಿ, ಒದ್ದಿ ಬಟ್ಟಿಲೆ ವರಸಿ ಒಣಗಸ್ರಿ. ತಿಕ್ಕೂ ಕೆಲಸಕ್ಕ ಬ್ಯಾಸರ ಮಾಡ್ಕೊಂಡು ಹೊಳಪಿನ ಮ್ಯಾಲೇ ಬಣ್ಣ ಹಚ್ಚಿದ್ರ ಅದು ಹಿಡಕೊಳ್ಳೂದಿಲ್ಲ, ಹೊಪ್ಪಳಿ ಎದ್ದು ಬರತೈತಿ. ಮೊದಲ ಕೋಟ್ ಅಡ್ಡ ಹಚ್ಚ್ರಿ, ಎರಡನೇದ್ದು ಉದ್ದ. ನಡಕ ಡಬ್ಬಿ ಮ್ಯಾಲ ಬರದಷ್ಟು ತಾಸು ಬಿಡ್ರಿ. ಮೂರು ದಿನ ಮುಟ್ಟಬ್ಯಾಡ್ರಿ. ಆಮ್ಯಾಲ ಬರಿಯೂಕಿಂತ ಮೊದಲ ಒಂದು ಚಾಕ್‌ಪೀಸ್ ಅಡ್ಡ ಹಿಡದು ಹಲಗಿ ತುಂಬ ತಿಕ್ಕಿ, ಒಣ ಡಸ್ಟರ್‌ಲೆ ವರಸ್ರಿ. ಇದನ್ನ ಭಾಳ ಮಂದಿ ಮರಿತಾರ. ಮರತ್ರ ಮೊದಲ ದಿನ ಬರದ ಅಕ್ಷರದ ನೆರಳು ಹಲಗಿ ಮ್ಯಾಲೇ ಉಳಿತೈತಿ, ಎಷ್ಟ ತಿಕ್ಕಿದ್ರೂ ಹೋಗೂದಿಲ್ಲ.

ಅಕ್ಷರದ ಎತ್ತರ ಎರಡು ಬೆರಳು, ಅಂದ್ರ 3ರಿಂದ 4 ಸೆಂ.ಮೀ. ಇರಲಿ. ಎರಡು ಸಾಲಿನ ನಡಕ ಅಕ್ಷರದಷ್ಟ ಎತ್ತರದ ಜಾಗ ಖಾಲಿ ಬಿಡ್ರಿ. ಕನ್ನಡದಾಗ ಒತ್ತು ಕೆಳಗ ಇಳಿತಾವು. 'ಶಾಸ್ತ್ರ', 'ರಾಷ್ಟ್ರ' ಬರದ್ರ ಎರಡೆರಡು ಒತ್ತು. ಸಾಲು ಒತ್ತಿ ಬರದಲ್ಲೆ ಮ್ಯಾಲಿನ ಒತ್ತು ಬಂದು ಕೆಳಗಿನ ದೀರ್ಘಕ್ಕ ಬಡಿತೈತಿ, ಹುಡುಗ ಅದನ್ನ ಹಂಗ ಗಿಜಿಬಿಜಿ ಇಳಿಸ್ಕೋತಾನ. ಹಲಗಿಯ ಕೆಳಗಿನ ಒಂದು ಅಡಿ ಬಿಟ್ಟಬಿಡ್ರಿ, ಮುಂದ ಕುಂತವರ ತಲಿ ಅಡ್ಡ ಬರತೈತಿ.

ಚಾರ್ಟುಗಳ ಬಗ್ಗೆ ಒಂದ ಮಾತು. 1, 2ನೇ ತರಗತಿ ಹುಡುಗ ನಿಂತ್ರ ಅವನ ಕಣ್ಣು ನೆಲದಿಂದ ಸುಮಾರು ಮೂರೂವರಿ ಅಡಿಗೆ ಇರತೈತಿ. ಆರು ಅಡಿ ಮ್ಯಾಲ ಅಂಟಿಸಿದ್ದು ಅವಗ ದಕ್ಕೂದಿಲ್ಲ. ಸುಣ್ಣದ ಗೋಡಿಗೆ ಟೇಪ್ ನಿಲ್ಲೂದಿಲ್ಲ. ಮೂರೂವರಿ ಅಡಿ ಎತ್ತರಕ್ಕ ಸುತಳಿ ಬಿಗದು ಕಟ್ಟಿ, ಬಟ್ಟಿ ಒಣಗಸೂ ಕ್ಲಿಪ್ ಹಾಕಿ ತೂಗಬಿಡ್ರಿ, ಬದಲಿ ಮಾಡಾಕೂ ಸಸಾರ.

ಇನ್ನ ಓದು. ಈ ಮಾತಿಗೆ ಜರಾ ಜಾಸ್ತಿ ಹೊತ್ತು ಬೇಕು.

ಜೂನ್‌ದಾಗ ಸೇತುಬಂಧದ, ಅಂದ್ರ ಹ್ವಾದ ವರ್ಷದ ಕಲಿಕಿ ನೋಡಿ ಕಡಿಮಿ ಬಿದ್ದದ್ದು ತುಂಬೂ ಕಾರ್ಯಕ್ರಮದ, ಪೂರ್ವ ಪರೀಕ್ಷೆ ಮಾಡೇ ಮಾಡತೀವಿ. ಆದ್ರ ಬರದ ಕಾಗದ ನೋಡಿದ್ರ ಹುಡುಗ ಓದಾಕ ಬರಲಾರದ ಬಿಟ್ಟಾನೋ, ಓದಿ ತಿಳೀಲಾರದ ಬಿಟ್ಟಾನೋ ಗೊತ್ತಾಗೂದಿಲ್ಲ. ಅದಕ್ಕ ಒಬ್ಬೊಬ್ಬರದ್ದೂ ಒಂದು ನಿಮಿಷ ಓದು ಕೇಳಬೇಕು. ಒಂದು ತರಗತಿ ಕೆಳಗಿನ ಮಟ್ಟದ, ಹುಡುಗೂರು ಇನ್ನೂ ಓದಿರದ 60 ಪದದ ಪಾಠ ಆರಿಸ್ರಿ. ಎರಡು ಪ್ರತಿ ಮಾಡ್ರಿ, ಒಂದು ಮಗುವಿನ ಕೈಯಾಗ, ಒಂದು ನಿಮ್ಮ ಕೈಯಾಗ. ಮೊಬೈಲ್‌ದಾಗ ಒಂದು ನಿಮಿಷ ಹಚ್ಚ್ರಿ. ತಪ್ಪು ಓದಿದ್ದಕ್ಕ ಅಡ್ಡಗೆರಿ, ಬಿಟ್ಟ ಪದಕ್ಕ ಸುತ್ತು. ತಾನ ತಿದ್ದಿಕೊಂಡ್ರ ತಪ್ಪು ಹಿಡೀಬ್ಯಾಡ್ರಿ. ನಿಮಿಷ ಮುಗದಲ್ಲೆ ಗೆರಿ ಎಳದು, ಓದಿದ್ದರ ಮ್ಯಾಲ ಎರಡು ಪ್ರಶ್ನೆ ಕೇಳ್ರಿ. ದಿನಾ 5 ಮಂದಿ ಅಂದ್ರ 40 ಮಂದಿಗೆ 8 ದಿನ.

ಇದು ಕೆಡೂದು ಎರಡು ಕಡೆ. ಒಂದ ಪಾಠ ಎಲ್ಲಾರಿಗೂ ಕೊಟ್ರ ಆರನೇ ಹುಡುಗ ಬರೂದ್ರೊಳಗ ಅದು ಅವಗ ಬಾಯಿಪಾಠ ಆಗಿರತೈತಿ. ಮೂರು ಪಾಠ ತಯಾರ ಇಡ್ರಿ. ಎರಡನೇದ್ದು, ವರ್ಗದ ಮುಂದ ನಿಂದ್ರಿಸಿ ಓದಸೂದು. ಓದಾಕ ಬರೂ ಹುಡುಗೀನೂ ಅಲ್ಲಿ ದನಿ ನುಂಗತಾಳ. ಹೊರಗ ಕಟ್ಟಿ ಮ್ಯಾಲ ಬಾಜೂಕ ಕುಂದ್ರಿಸಿಕೊಂಡು ಕೇಳ್ರಿ.

2021ರ ಜುಲೈ 5ಕ್ಕ ಚಾಲೂ ಆದ, ಸಣ್ಣ ಮಕ್ಕಳಿಗೆ ಓದು ಲೆಕ್ಕ ಕಲಸೂ ಕೇಂದ್ರ ಸರಕಾರದ ನಿಪುಣ್ ಭಾರತ್‌ದಾಗ 3ನೇ ತರಗತಿ ಮುಗಿಯೂದ್ರೊಳಗ ನಿಮಿಷಕ್ಕ 60 ಪದ ತಿಳದು ಓದಬೇಕು ಅಂತ ಗುರಿ ಐತಿ. ಕನ್ನಡದ ಪದದ ಉದ್ದ ಮಾತ್ರ ಮರೀಬ್ಯಾಡ್ರಿ. 'ಮನೆಯಲ್ಲಿದ್ದವರಿಗೆಲ್ಲ' ಅನ್ನೂದು ನಮಗ ಒಂದ ಪದ. ಇಂಗ್ಲಿಷ್‌ದಾಗ ಅದ ಆರೇಳು ಪದ ಆಗತೈತಿ. ಅದಕ್ಕ ಸಂಖ್ಯಾ ಹಿಡಕೊಂಡು ಒಬ್ಬಗ ಇನ್ನೊಬ್ಬನ ಜೋಡಿ ಹೋಲಿಕಿ ಮಾಡಬ್ಯಾಡ್ರಿ. ಅದ ಮಗು ಜೂನ್‌ದಾಗ ಎಷ್ಟು, ಆಗಸ್ಟ್‌ದಾಗ ಎಷ್ಟು, ದೀಪಾವಳಿ ಮುಂದ ಎಷ್ಟು, ಇಷ್ಟ ಬರದಿಡ್ರಿ. ವೇಗಕ್ಕಿಂತ ಅಡ್ಡಗೆರಿ ಎಲ್ಲಿ ಬಿದ್ದಾವು ಅನ್ನೂದು ಹೆಚ್ಚಿನ ಮಾತು.

ಹೆಚ್ಚಿನವು ಬೀಳೂದು ಒತ್ತಕ್ಷರಕ್ಕ. ಕ್ಕ, ಗ್ಗ, ಚ್ಚ, ಟ್ಟ, ದ್ದ, ಪ್ಪ, ಬ್ಬ ಇವುಗಳ ಒತ್ತು ಮ್ಯಾಲಿನ ಅಕ್ಷರದ ತಲಕಟ್ಟು ತಗದಂಗ ಇರತೈತಿ, ಹುಡುಗೂರು ಲಗೂನ ಹಿಡಿತಾವು. ತ, ನ, ಮ, ಯ, ರ, ಲ ಈ ಆರರ ಒತ್ತು ಅಕ್ಷರಕ್ಕ ಹೋಲೂದ ಇಲ್ಲ. ಅದಕ್ಕ ಅಕ್ಕ, ಅಪ್ಪ, ಹಗ್ಗ ಮೊದಲ ಕಲಸ್ರಿ; ಆಮ್ಯಾಲ ಆರು ಒತ್ತಿಗೆ ಆರು ವಾರ ಕೊಡ್ರಿ, ದಿನಾ 10 ನಿಮಿಷ. ಕಡೀಕ ಅರ್ಕಾವೊತ್ತು. 'ಸೂರ್ಯ' ಅಂತ ಬರದಿದ್ದನ್ನ ಹುಡುಗ 'ಸೂಯ್ರ' ಅಂತ ಓದಿದ್ರ ಅಂವ ಲಕ್ಷ್ಯ ಇಲ್ಲದ ಓದಾಕತ್ತಿಲ್ಲ. ಕಣ್ಣು ಎಡದಿಂದ ಬಲಕ್ಕ ಹೋಗತೈತಿ, ಮೊದಲ ಯ ಕಾಣತೈತಿ, ಆಮ್ಯಾಲ ಆ ಒಂಬತ್ತರಂಗ ಇರೂ ಗುರುತು. ದನಿ ಮಾತ್ರ ತಿರುವು ಮುರುವು. ಯ ಅಕ್ಷರದ ಮ್ಯಾಲ ಬೆರಳು ಮುಚ್ಚಿಸ್ರಿ, ಸೂ ಅನಸ್ರಿ, ಗುರುತು ನೋಡಿ ರ್ ಅನಸ್ರಿ, ಬೆರಳು ತಗಸಿ ಯ ಅನಸ್ರಿ. ಕುರ್ಚಿ, ಅರ್ಜಿ, ಗರ್ದಿ ಹಿಂಗ ಬಾಯಾಗ ಇರೂ ಪದದಿಂದ ಚಾಲೂ ಮಾಡ್ರಿ. ಕಿವಿಗೆ ಗೊತ್ತಿದ್ದ ಪದ ಆದ್ರ ಕಣ್ಣು ತಾನ ತಿದ್ದಿಕೋತೈತಿ.

ಇನ್ನೊಂದು ತಪ್ಪು ನಮ್ಮ ಕಡೀದ್ದ. ಹುಡುಗಿ 'ಮನಿ' ಅಂತ ಬರಿತಾಳ, ನಾವು ಕೆಂಪು ಪೆನ್ನಿಲೆ ಹೊಡಿತೀವಿ. ಆಕಿ ಕೇಳಿದ್ದನ್ನ ಕೇಳಿದಂಗ ಬರದಾಳ! ದನಿಗೆ ಬರೋಬ್ಬರಿ ಅಕ್ಷರ ಹಾಕಿದ ಮಗುವಿಗೆ ತಪ್ಪು ಅಂದ್ರ, ಮುಂದ ಕಿವಿ ನಂಬೂದು ಬಿಟ್ಟು ಬಾಜೂದವಳ ಪಾಟಿ ನೋಡಾಕ ಹತ್ತತಾಳ. ಹೊಡೀಬ್ಯಾಡ್ರಿ, ಬಾಜೂಕ 'ಮನೆ' ಅಂತ ಬರೀರಿ, ಬಾಯಾಗ ಮನಿ, ಪುಸ್ತಕದಾಗ ಮನೆ ಅಂತ ಹೇಳ್ರಿ. ಗೋಡಿಗೆ ಎರಡು ಸಾಲಿನ ಹಾಳಿ ತೂಗಬಿಡ್ರಿ. ಶೇಂಗಾ, ಕಡಲೆಕಾಯಿ. ಉಳ್ಳಾಗಡ್ಡಿ, ಈರುಳ್ಳಿ. ಬಟಾಟಿ, ಆಲೂಗಡ್ಡೆ. ಕಸಬರಿಗಿ, ಪೊರಕೆ. ಕುಂದರು, ಕುಳಿತುಕೋ. ವಾರಕ್ಕ ಮೂರು ಜೋಡಿ ಸೇರಿಸಿದ್ರ ದೀಪಾವಳಿ ಹೊತ್ತಿಗೆ 50ರ ಹತ್ರ ಬರತಾವು. ಶನಿವಾರ ಉಕ್ತಲೇಖನದಾಗ ನೀವು ಮನಿ ಮಾತು ಹೇಳ್ರಿ, ಅವು ಪುಸ್ತಕದ ಮಾತು ಬರೀಲಿ.

ತಾಂಡಾದ ಹುಡುಗೂರಿಗೆ ಮೂರನೇ ಸಾಲು ಬೇಕು. ರೊಟ್ಟಿ ಅಂದ್ರ ಅವ್ರಿಗೆ ಬಾಟಿ, ಅವ್ವ ಅಂದ್ರ ಯಾಡಿ. ಗಡಿ ಕಡೆ ಸಾಲ್ಯಾಗ ಮರಾಠಿಯ ಭಾಕರಿ. ಶಿಕ್ಷಕರಿಗೆ ಲಂಬಾಣಿ ಬರಬೇಕಂತಿಲ್ಲ. ಪದ ಹುಡುಗೂರೇ ಹೇಳತಾವು, ನಾವು ಕನ್ನಡ ಅಕ್ಷರದಾಗ ಬರದ್ರ ಸಾಕು. ಯಾಡಿ ಅನ್ನೂ ಪದ ಗೋಡಿ ಮ್ಯಾಲ ಕಂಡ ದಿನ, ಒಂದನೇತ್ತಿ ಮಗು ತಾನ ಮುಂದ ಬಂದು ಬೆರಳು ಇಟ್ಟು ಓದತೈತಿ.

ಇನ್ನ ಪ್ರಶ್ನೆ ಕೇಳೂ ರೀತಿ. 'ತಿಳೀತೇನು?' ಅಂದ್ರ 'ತಿಳೀತ್ರೀ ಸರ್' ಅಂತ ವರ್ಗಕ್ಕ ವರ್ಗ ಕೂಗತೈತಿ. ಆ ಗದ್ದಲದಾಗ ತಿಳೀಲಾರದವು ಅಡಗಿ ಕುಂದರತಾವು. ಅಮೆರಿಕಾದ ಮೇರಿ ಬಡ್ ರೋ ಅನ್ನೂ ಶಿಕ್ಷಣ ಸಂಶೋಧಕಿ 1970ರ ದಶಕದಾಗ ವರ್ಗದ ಮಾತುಕತಿ ಅಳದು ನೋಡಿದ್ರು: ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕ ಕಾಯೂದು ಸುಮಾರು 1 ಸೆಕೆಂಡ್, ಅದನ್ನ 3 ಸೆಕೆಂಡ್‌ಗೆ ಒಯ್ದ್ರ ಮಕ್ಕಳ ಉತ್ತರ ಉದ್ದ ಆಗತಾವು, ಸುಮ್ಮನಿರೂವು ಬಾಯಿ ಬಿಡತಾವು. ಹಂಗಾಗಿ ಪ್ರಶ್ನೆ ಕೇಳ್ರಿ, ಮನಸಿನಾಗ ಐದು ಎಣಸ್ರಿ, ಆಮ್ಯಾಲ ಹೆಸರು ಹೇಳ್ರಿ. ಹೆಸರು ಮೊದಲ ಹೇಳಿದ್ರ ಉಳದ 39 ಮಂದಿ ವಿಚಾರ ಮಾಡೂದು ಬಿಡತಾರ. ಐಸ್‌ಕ್ಯಾಂಡಿ ಕಡ್ಡಿ ಮ್ಯಾಲ ಒಂದೊಂದು ಹೆಸರು ಬರದು ಡಬ್ಬಿಗೆ ಹಾಕ್ರಿ, ಕಣ್ಣು ಮುಚ್ಚಿ ಒಂದು ತಗೀರಿ. ತಗದ ಕಡ್ಡಿ ತಿರುಗಿ ಅದ ಡಬ್ಬಿಗೇ ಹೋಗಬೇಕು, ಇಲ್ಲಾಂದ್ರ ಒಮ್ಮೆ ಉತ್ತರ ಕೊಟ್ಟಂವ ದಿನಾಪೂರ್ತಿ ನಿಶ್ಚಿಂತಿ.

ಕಡೀದ್ದು, ದೀಪಾವಳಿಗೆ ಊರು ಬಿಡೂ ಹುಡುಗೂರು. ಯಾರ್ಯಾರು ಹೋಗತಾರ ಅನ್ನೂದು ಆಗಸ್ಟ್‌ದಾಗ ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಮತ್ತ ಮೇಲುಸ್ತುವಾರಿ ಸಮಿತಿ) ಸಭಾದಾಗ ಕೇಳಿದ್ರ ಗೊತ್ತಾಗತೈತಿ. ಅವರ ಹೆಸರಿನ ಮುಂದ ಗುರುತು ಹಾಕಿ, ಓದಿನ ಸರದಿ, ಕಟ್ಟಿ ಮ್ಯಾಲ ಕುಂದ್ರಿಸೂ ಸರದಿ ಮೊದಲ ಅವ್ರಿಗೆ ಕೊಡ್ರಿ. ಹೋಗೂ ಹಿಂದಿನ ವಾರ ದಪ್ಪ ರಟ್ಟಿನ ಚೀಟಿ ಒಂದು ಮಾಡ್ರಿ, ಅಂಗೈ ಅಗಲದ್ದು: ಹೆಸರು, ತರಗತಿ, ಸಾಲಿ, ಮುಖ್ಯಗುರುಗಳ ಫೋನ್ ನಂಬರ್, ನಿಮಿಷಕ್ಕ ಎಷ್ಟು ಪದ, ಯಾವ ಯಾವ ಒತ್ತು ಬರತಾವು, ಕೂಡಿಸೂದು ಕಳಿಯೂದು ಎಷ್ಟು ಅಂಕಿ ತನಕ. ಮಳಿ, ಬೆವರಿಗೆ ಹಾಳಾಗಲಾರದಂಗ ಪ್ಲಾಸ್ಟಿಕ್ ಹಾಕಿ ಪಾಟಿಚೀಲದಾಗ ಇಡ್ರಿ, ಒಂದು ಫೋಟೋ ನಿಮ್ಮ ಮೊಬೈಲ್‌ದಾಗ ಇರಲಿ. ಕಬ್ಬಿನ ಫಡದ ಹತ್ತಿರ ಯಾವುದರ ಸಾಲ್ಯಾಗ ಕುಂತ್ರ, ಅಲ್ಲಿನ ಶಿಕ್ಷಕರು ಆ ಚೀಟಿ ನೋಡಿ ಎಲ್ಲಿಂದ ಕಲಸಬೇಕು ಅನ್ನೂದು ತಿಳಕೋತಾರ.

ಅವರ ಕಡ್ಡಿ ಡಬ್ಬಿಯಿಂದ ತಗೀಬ್ಯಾಡ್ರಿ, ಕೆಂಪು ರಬ್ಬರ್ ಸುತ್ತಿ ಅಲ್ಲೇ ಇಡ್ರಿ. ಯುಗಾದಿ ಹೊತ್ತಿಗೆ ಹುಡುಗ ತಿರುಗಿ ಬಂದಲ್ಲೆ ಎರಡು ದಿನದಾಗ ಅದ ಮಟ್ಟದ ಪಾಠ ಕೊಟ್ಟು ಒಂದು ನಿಮಿಷ ಓದು ಕೇಳ್ರಿ, ಚೀಟಿಗೆ ತಾಳಿ ನೋಡ್ರಿ, ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹಿಡೀರಿ. ವರ್ಗದಾಗ ಮೊದಲ ಪ್ರಶ್ನೆಗೆ ಆ ಕೆಂಪು ರಬ್ಬರಿನ ಕಡ್ಡೀನ ಎತ್ರಿ, ಅವಗ ಉತ್ತರ ಗೊತ್ತಿದ್ದ ಪ್ರಶ್ನೆ ಕೇಳ್ರಿ, ಆಮ್ಯಾಲ ರಬ್ಬರ್ ಬಿಚ್ಚ್ರಿ.