ಮುಖವಾಡದೊಳಗಿನ ಹುಡುಗ

ಎಲ್ಲರಿಗೂ ನಮಸ್ಕಾರ.

ಇವತ್ತು ಸ್ಪೈಡರ್‌ಮ್ಯಾನ್ ಬಗ್ಗೆ ಮಾತಾಡೋಣ. ಅವನು ಗೋಡೆ ಹತ್ತುವುದು, ಬಲೆ ಬೀಸುವುದು ಎಲ್ಲರಿಗೂ ಗೊತ್ತು. ನನಗೆ ಹೇಳಬೇಕು ಅನಿಸಿರುವುದು ಅವನ ವಯಸ್ಸಿನ ವಿಷಯ. ಆ ಪಾತ್ರದ ಹೊಸತನ ಇದ್ದದ್ದು ಅಲ್ಲಿ. ಆಮೇಲಿನ ತಾಪತ್ರಯ ಶುರುವಾಗಿದ್ದೂ ಅಲ್ಲಿಂದಲೇ.

ಅವನಿಗಿಂತ ಮೊದಲು ಅಮೆರಿಕದ ಕಾಮಿಕ್ಸ್‌ನಲ್ಲಿ ಹುಡುಗರಿಗೆ ಜಾಗ ಇರಲಿಲ್ಲ ಅಂತಲ್ಲ. 1940ರಲ್ಲಿ ರಾಬಿನ್ ಬಂದ, ಬ್ಯಾಟ್‌ಮ್ಯಾನ್‌ನ ಜೊತೆಗಾರನಾಗಿ. ಮರುವರ್ಷ ಬಕಿ ಬಂದ, ಕ್ಯಾಪ್ಟನ್ ಅಮೆರಿಕನ ಪಕ್ಕದಲ್ಲಿ ನಿಂತ. ಬಿಲ್ಲಿ ಬ್ಯಾಟ್ಸನ್ ಅಂತ ಇನ್ನೊಬ್ಬನಿದ್ದ. ಅವನು 'ಶಝಾಮ್' ಅಂದ ಕೂಡಲೇ ಕಟ್ಟುಮಸ್ತಾದ ದೊಡ್ಡ ಗಂಡಸಾಗಿಬಿಡುತ್ತಿದ್ದ. ಹುಡುಗನಾಗಿದ್ದುಕೊಂಡೇ, ಯಾರ ಆಸರೆಯೂ ಇಲ್ಲದೆ ಹೀರೋ ಆಗುವುದು ಮಾತ್ರ ಅಪರೂಪವಾಗಿತ್ತು.

1962ರಲ್ಲಿ ಮಾರ್ವೆಲ್ ಕಾಮಿಕ್ಸ್ ಕಂಪನಿಯ ಬರಹಗಾರ ಸ್ಟ್ಯಾನ್ ಲೀ ಇದನ್ನೇ ಮಾಡಲು ಹೊರಟರು. ಪ್ರಕಾಶಕ ಮಾರ್ಟಿನ್ ಗುಡ್‌ಮನ್ ಒಪ್ಪಲಿಲ್ಲವಂತೆ. ಜನಕ್ಕೆ ಜೇಡ ಕಂಡರೆ ಆಗಲ್ಲ, ಹದಿಹರೆಯದವರು ಜೊತೆಗಾರರಾಗಿದ್ದರೆ ಸಾಕು ಅನ್ನುವುದು ಅವರ ವಾದವಾಗಿತ್ತು ಎಂದು ಲೀ ಹೇಳುತ್ತಿದ್ದರು. ಕೊನೆಗೆ ಕಥೆ ಬಂದದ್ದು 'ಅಮೇಜಿಂಗ್ ಫ್ಯಾಂಟಸಿ'ಯ 15ನೇ ಸಂಚಿಕೆಯಲ್ಲಿ. ಆ ಪತ್ರಿಕೆ ಅಲ್ಲಿಗೇ ನಿಂತುಹೋಯಿತು. ಕಥೆ ಮಾತ್ರ ಜನರಿಗೆ ಹಿಡಿಸಿತು. 1963ರಲ್ಲಿ ಸ್ಪೈಡರ್‌ಮ್ಯಾನ್‌ಗೆ ಅಂತಲೇ ಪತ್ರಿಕೆ ಶುರುವಾಯಿತು.

ಮೊದಲು ಚಿತ್ರ ಬರೆಯಲು ಕೂತವರು ಜ್ಯಾಕ್ ಕರ್ಬಿ. ಅವರ ಹುಡುಗ ತೀರಾ ವೀರನಂತೆ ಕಂಡ ಅಂತ ಲೀ ಆ ಕೆಲಸವನ್ನು ಸ್ಟೀವ್ ಡಿಟ್ಕೊ ಅವರಿಗೆ ಕೊಟ್ಟರು. ಹೆಸರು ಬಂದದ್ದು ಲೀ ಅವರಿಗೆ ಜಾಸ್ತಿ. ಆದರೆ ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್ ಪಾರ್ಕರ್‌ಗೆ ಜೀವ ಕೊಟ್ಟದ್ದು ಡಿಟ್ಕೊ ಅವರ ಪೆನ್ಸಿಲ್ ಅನ್ನುವುದೇ ನನ್ನ ಅಭಿಪ್ರಾಯ. ತೆಳ್ಳಗಿನ ಮೈ, ದಪ್ಪ ಕನ್ನಡಕ, ಎಲ್ಲರಿಂದ ದೂರ ನಿಲ್ಲುವ ಆ ಸಂಕೋಚ. ಮುಖವನ್ನು ಪೂರ್ತಿ ಮುಚ್ಚುವ ಮುಖವಾಡವೂ ಅವರದೇ ಯೋಚನೆ. ಹುಡುಗನ ಎಳೆ ಮುಖ ಮುಚ್ಚಿದರೆ ಒಳಗಿರುವುದು ಯಾರು ಅಂತ ಯಾರಿಗೂ ಗೊತ್ತಾಗಲ್ಲ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಓದುವ ಹುಡುಗ ಆ ಬಟ್ಟೆಯೊಳಗೆ ತನ್ನ ಮುಖವನ್ನೇ ಇಟ್ಟು ನೋಡಬಹುದು, ಅಲ್ವಾ?

ಈಗ 1963ರ ಮೊದಲ ಸಂಚಿಕೆ ನೋಡಿ. ಪೀಟರ್‌ನ ಚಿಕ್ಕಪ್ಪ ಬೆನ್ ಸತ್ತಿದ್ದಾನೆ. ತಾನು ಹಿಡಿಯಬಹುದಾಗಿದ್ದ ಕಳ್ಳನನ್ನು ನನಗ್ಯಾಕೆ ಅಂತ ಪೀಟರ್ ಬಿಟ್ಟಿದ್ದ, ಅದೇ ಕಳ್ಳ ಚಿಕ್ಕಪ್ಪನನ್ನು ಕೊಂದಿದ್ದ. ಮನೆಯಲ್ಲಿ ಚಿಕ್ಕಮ್ಮ ಮೇ ಒಬ್ಬಳೇ, ಕೈಯಲ್ಲಿ ದುಡ್ಡಿಲ್ಲ. ಹುಡುಗ ಮುಖವಾಡ ಹಾಕಿಕೊಂಡು ಪ್ರದರ್ಶನ ಕೊಡುತ್ತಾನೆ. ಚೆಕ್ ಸಿಗುತ್ತದೆ, ಸ್ಪೈಡರ್‌ಮ್ಯಾನ್ ಹೆಸರಿಗೆ! ಬ್ಯಾಂಕಿನವನು ಗುರುತಿನ ದಾಖಲೆ ಕೇಳುತ್ತಾನೆ. ಎಲ್ಲಿಂದ ತರುವುದು? ಹೋಗಲಿ ಅಂತ ಫೆಂಟಾಸ್ಟಿಕ್ ಫೋರ್ ಅನ್ನುವ ಸೂಪರ್ ಹೀರೋಗಳ ತಂಡದ ಹತ್ತಿರ ಕೆಲಸ ಕೇಳಿದರೆ ಅವರು ಸಂಬಳವನ್ನೇ ಕೊಡುವುದಿಲ್ಲ. ಕಾರು ಎತ್ತುವಷ್ಟು ಬಲ ಇದ್ದೂ ಮನೆ ಬಾಡಿಗೆ ಕಟ್ಟಲಾಗದ ಹೀರೋನನ್ನು ಆ ಕಾಲದ ಮಕ್ಕಳು ಎಲ್ಲಿ ನೋಡಿದ್ದರು?

ನನಗೆ ಅತಿ ಇಷ್ಟವಾದದ್ದು 1966ರ 33ನೇ ಸಂಚಿಕೆ. ಪೀಟರ್ ಭಾರೀ ಯಂತ್ರದಡಿ ಸಿಕ್ಕಿಬಿದ್ದಿದ್ದಾನೆ. ಮೇಲಿಂದ ನೀರು ಸುರಿಯುತ್ತಿದೆ. ಚಿಕ್ಕಮ್ಮನ ಜೀವ ಉಳಿಸುವ ಔಷಧಿ ಕಣ್ಣೆದುರೇ ಬಿದ್ದಿದೆ, ಕೈಗೆ ಎಟುಕುತ್ತಿಲ್ಲ. ಡಿಟ್ಕೊ ಇಲ್ಲಿ ಅವಸರವೇ ಮಾಡುವುದಿಲ್ಲ. ಪೀಟರ್ ಸೋಲುತ್ತಾನೆ, ಚಿಕ್ಕಪ್ಪನನ್ನು ನೆನೆಯುತ್ತಾನೆ, ಮತ್ತೆ ಎತ್ತುತ್ತಾನೆ, ಮತ್ತೆ ಕುಸಿಯುತ್ತಾನೆ. ಪುಟ ಪುಟವೂ ಇದೇ. ಕೊನೆಗೆ ಒಂದಿಡೀ ಪುಟದಲ್ಲಿ ಯಂತ್ರ ಮೇಲೇಳುತ್ತದೆ. ಬಲ ಆ ಹುಡುಗನಿಗೆ ಮೊದಲೇ ಇತ್ತು. ಆ ಪುಟಗಳಲ್ಲಿ ನಾವು ನೋಡುವುದು ಅವನ ಹಟವನ್ನು.

ಅಷ್ಟು ಹೊತ್ತಿಗೆ ಅವನು ಹೈಸ್ಕೂಲು ಮುಗಿಸಿ ಕಾಲೇಜು ಸೇರಿದ್ದ. 1973ರಲ್ಲಿ ಪ್ರೇಯಸಿ ಗ್ವೆನ್ ಸತ್ತಳು. ಬೀಳುತ್ತಿದ್ದವಳನ್ನು ಹಿಡಿಯಲು ಅವನೇ ಬೀಸಿದ ಬಲೆಯ ಎಳೆತಕ್ಕೆ ಅವಳ ಕುತ್ತಿಗೆ ಮುರಿದಿತ್ತು. 1987ರಲ್ಲಿ ಮೇರಿ ಜೇನ್ ಜೊತೆ ಮದುವೆ. ಇಲ್ಲಿಂದ ಗೋಜಲು ಶುರು. ಓದುಗರ ಜೊತೆ ಬೆಳೆಯುತ್ತಾ ಹೋದರೆ ಹೊಸ ಮಕ್ಕಳಿಗೆ ಅವನು ಮಾವನ ವಯಸ್ಸಿನವನಾಗುತ್ತಾನೆ. ನಿಲ್ಲಿಸಿದರೆ ಕಥೆಗೆ ಬೆಲೆಯಿಲ್ಲ. 2007ರಲ್ಲಿ ಶುರುವಾದ ಒಂದು ಕಥೆಯಲ್ಲಿ ಮಾರ್ವೆಲ್‌ನವರು ಸೈತಾನನಂಥ ಪಾತ್ರವನ್ನು ತಂದು ಆ ಮದುವೆಯನ್ನೇ ಅಳಿಸಿಹಾಕಿದರು. ನನಗಂತೂ ಇದು ಸರಿ ಕಾಣಲಿಲ್ಲ. ಇಪ್ಪತ್ತು ವರ್ಷ ಜೊತೆಗೆ ನಡೆದ ಓದುಗರಿಗೆ ಅದು ಅನ್ಯಾಯ.

ಇನ್ನೂ ಒಳ್ಳೆಯ ದಾರಿ 2011ರಲ್ಲಿ ಸಿಕ್ಕಿತು. ಬರಹಗಾರ ಬ್ರಯಾನ್ ಮೈಕಲ್ ಬೆಂಡಿಸ್ ಮತ್ತು ಚಿತ್ರಗಾರ್ತಿ ಸಾರಾ ಪಿಕೆಲ್ಲಿ ಮೈಲ್ಸ್ ಮೊರಾಲೆಸ್‌ನನ್ನು ತಂದರು. 'ಅಲ್ಟಿಮೇಟ್' ಅನ್ನುವ ಬೇರೆ ಕಥಾಲೋಕದಲ್ಲಿ ಪೀಟರ್ ಸತ್ತ ಮೇಲೆ ಸ್ಪೈಡರ್‌ಮ್ಯಾನ್ ಆಗುವ ಹುಡುಗ. ಬ್ರೂಕ್ಲಿನ್‌ನವನು, ಅಪ್ಪ ಕಪ್ಪು ಅಮೆರಿಕನ್, ಅಮ್ಮ ಪೋರ್ಟೊ ರಿಕೊ ಮೂಲದವಳು. ಒಳ್ಳೆಯ ಶಾಲೆಯಲ್ಲಿ ಸೀಟಿಗಾಗಿ ಲಾಟರಿ ಎತ್ತುತ್ತಾರೆ. ಇವನ ಸಂಖ್ಯೆ ಬರುತ್ತದೆ. ಅಮ್ಮ ಕುಣಿದಾಡಿದರೆ ಇವನು ಸೀಟು ಸಿಗದ ಮಕ್ಕಳ ಕಡೆ ನೋಡುತ್ತಾನೆ. ಆ ಒಂದು ನೋಟದಲ್ಲೇ ಇವನು ಪೀಟರ್‌ನ ನಕಲಲ್ಲ ಅಂತ ಗೊತ್ತಾಗುತ್ತದೆ. ಪೀಟರ್‌ನನ್ನು ಕಾಡಿದ್ದು ತಾನು ಮಾಡದೆ ಬಿಟ್ಟ ಕೆಲಸ. ಮೈಲ್ಸ್‌ಗೂ ಆಮೇಲೆ ಅದು ಕಾಡುತ್ತದೆ. ಆದರೆ ಅದಕ್ಕೂ ಮೊದಲೇ ತನಗೆ ಸುಮ್ನೆ ಸಿಕ್ಕಿದ ಅದೃಷ್ಟ ಅವನನ್ನು ಚುಚ್ಚಿದೆ.

ಮೈಲ್ಸ್ ಬಂದು ಹತ್ತು ವರ್ಷ ದಾಟಿತು. ಈಗ ಅವನ ವಯಸ್ಸನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಬರಹಗಾರರ ಮುಂದಿದೆ. ಅವನು ಬೆಳೆಯಲಿ, ಕಾಲೇಜು ಮುಗಿಸಲಿ, ದೊಡ್ಡವನಾಗಲಿ, ಮುಖವಾಡವನ್ನು ಇನ್ನೊಬ್ಬ ಹುಡುಗನಿಗೋ ಹುಡುಗಿಗೋ ಕೊಡಲಿ ಎಂದು ನಾನು ಬಯಸುತ್ತೇನೆ. ನಿಮಗೇನನಿಸುತ್ತದೆ? ಹೇಳಿ, ಕೇಳುತ್ತೇನೆ.